ಎದೆಯಲ್ಲಿ ನಿಂತ ರೊಟ್ಟಿ

ನನ್ನ ಅವ್ವ ಉಪವಾಸ ಮಾಡಿ ಮಾಡಿ ಪುಣ್ಯ ಕಟ್ಟಿಕೊಂಡು ಹೋದಳು ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಹೇಳುವವರು ಒಳ್ಳೆಯವರೇ. ನನ್ನ ತವರು ಇಂಡಿ ಪಟ್ಟಣದ ಪೇಟೆಯಲ್ಲಿ, ಮದುವೆಮನೆಗಳಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕೈ ಹಿಡಿದುಕೊಂಡು, ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತಾರೆ. ಹಿಂದೆಲ್ಲ ನಾನೂ ತಲೆಯಾಡಿಸಿ ಸುಮ್ಮನಾಗುತ್ತಿದ್ದೆ. ಈಗ ಸುಮ್ಮನಿರಲು ಆಗುವುದಿಲ್ಲ. ನನಗೆ ಕಾಯಿಲೆ ಬಂದು, ಅದರ ಹೆಸರು ಸಿಕ್ಕು, ಅರ್ಧಕ್ಕೆ ಅರ್ಧ ವಾಸಿಯಾಗಿ ಮನೆಗೆ ಬಂದ ಮೇಲೆ ಅವ್ವನ ಆ ಪುಣ್ಯದ ಲೆಕ್ಕವೇ ನನ್ನ ಪಾಲಿಗೆ ತಪ್ಪಿಹೋಯಿತು.

ನಾನು ಸಿಂದಗಿಯಲ್ಲಿ ಸಣ್ಣ ಮಕ್ಕಳಿಗೆ ಅಕ್ಷರ ಕಲಿಸಿ ನಿವೃತ್ತಳಾದ ಅಕ್ಕೋರು. ಹೆಸರು ಶಾಂತಾ. ವೈದ್ಯರ ವಿದ್ಯೆ ನನಗೆ ತಿಳಿಯದು, ತಿಳಿದವಳ ಹಾಗೆ ಬರೆಯುವುದೂ ಇಲ್ಲ. ತುತ್ತು ಗಂಟಲು ದಾಟಿದ ಮೇಲೆ ಎದೆಯಲ್ಲಿ ನಿಲ್ಲುತ್ತಿದೆ, ಯಾರಿಗೆ ಹೇಗೆ ಹೇಳಬೇಕೋ ಗೊತ್ತಾಗುತ್ತಿಲ್ಲ ಎಂದು ಹಿತ್ತಲಿಗೆ ಹೋಗಿ ನಿಲ್ಲುವ ಹೆಣ್ಣುಮಗಳು ಒಬ್ಬಳು ಇದನ್ನು ಓದಿದರೆ ನನಗೆ ಸಾಕು.

ಮೊದಲು ಅವ್ವನ ಬಗ್ಗೆ ಹೇಳುತ್ತೇನೆ. ಅಪ್ಪನದು ಇಂಡಿಯಲ್ಲಿ ನಿಂಬೆಹಣ್ಣಿನ ಅಡತಿ. ರೈತರು ಹಣ್ಣಿನ ಚೀಲ ತಂದು ಇಳಿಸಿದರೆ ಅವರ ಪರವಾಗಿ ಮಾರಿಸಿಕೊಡುವ ವ್ಯವಹಾರ. ಅಡತಿಯವರ ಮನೆಯೆಂದಮೇಲೆ ಊಟದ ಹೊತ್ತಿಗೆ ಎಷ್ಟು ಜನ ಕೂಡುತ್ತಾರೆ ಎಂದು ಯಾರೂ ಮೊದಲೇ ಹೇಳುವಂತಿಲ್ಲ. ತಾಂಬಾದಿಂದ, ಚಡಚಣದ ಕಡೆಯಿಂದ ಬಂದವರು ಅಂಗಡಿಯಲ್ಲಿ ಚೀಲ ಇಳಿಸಿ, ನಮ್ಮ ಮನೆಯ ಮುಂದೆ ಕಾಲು ತೊಳೆದು ಪಡಸಾಲೆಯಲ್ಲಿ ಸಾಲಾಗಿ ಕೂಡುತ್ತಿದ್ದರು. ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಗೌರವ್ವನ ಕೈ ರೊಟ್ಟಿ ಉಂಡು ಹೋದರೆ ಹಣ್ಣಿಗೆ ಧಾರಣೆ ಬರದಿದ್ದರೂ ಬೇಜಾರಿಲ್ಲ ಎಂದು ರೈತರು ಚೇಷ್ಟೆ ಮಾಡುತ್ತಿದ್ದರು. ಅದನ್ನು ಕೇಳಿ ಅಪ್ಪ ಮೀಸೆಯಲ್ಲಿ ನಗುತ್ತಿದ್ದ. ಅವ್ವ ಒಳಗಿನಿಂದಲೇ ಇನ್ನೊಂದು ರೊಟ್ಟಿ ಕಳಿಸುತ್ತಿದ್ದಳು.

ಬಂದವರ ಮತ್ತು ಅಪ್ಪನ ಊಟ ಮೊದಲು, ಆಮೇಲೆ ಮಕ್ಕಳು, ಕಡೆಗೆ ಹೆಂಗಸರು. ಇದು ಎಲ್ಲರ ಮನೆಯ ಪದ್ಧತಿ. ಅವ್ವ ಇದಕ್ಕೆ ತನ್ನದೊಂದು ಸೇರಿಸಿದಳು. ನನ್ನ ತಮ್ಮನ ಹೆಂಡತಿ ಮಹಾದೇವಿ ಬಾಣಂತನ ಮುಗಿಸಿ ಬಂದಾಗ, ಕೂಸಿಗೆ ಹಾಲು ಕುಡಿಸುವವಳು ಹಸಿದಿರಬಾರದು ಎಂದು ಅವಳನ್ನು ಮಕ್ಕಳ ಜೊತೆಗೇ ಕೂರಿಸಿ ಉಣ್ಣಿಸಿದಳು. ಕೂಸು ದೊಡ್ಡದಾಯಿತು, ಎರಡನೆಯದು ಬಂತು, ಪದ್ಧತಿ ಹಾಗೇ ಉಳಿಯಿತು. ಸೊಸೆಯನ್ನು ಮೊದಲು ಉಣ್ಣಿಸುವ ಅತ್ತೆ ಎಂದು ಓಣಿ ತುಂಬ ಹೆಸರಾಯಿತು. ಅವ್ವ ಎಲ್ಲರೂ ಎದ್ದ ಮೇಲೆ ಒಲೆಯ ಕಡೆ ಮುಖ ಮಾಡಿ, ಬಾಗಿಲಿಗೆ ಬೆನ್ನು ಹಾಕಿ ಒಬ್ಬಳೇ ಉಣ್ಣುತ್ತಿದ್ದಳು. ಅವಳ ಒಳ್ಳೆಯತನದ ಫಲ ಇಷ್ಟೇ: ಅವಳು ಉಣ್ಣುವುದನ್ನು ಎದುರಿಗೆ ಕೂತು ನೋಡಿದವರು ಆ ತುಂಬಿದ ಮನೆಯಲ್ಲಿ ಒಬ್ಬರೂ ಇರಲಿಲ್ಲ.

ಮೊಮ್ಮಕ್ಕಳೆಂದರೆ ಅವಳಿಗೆ ಜೀವ. ಹಿಟ್ಟಿನ ಕಡೆಯ ಉಂಡೆಯನ್ನು ಅಂಗೈಯಗಲ ತಟ್ಟಿ, ಬೆಣ್ಣೆ ಸವರಿ, ಸಕ್ಕರೆ ಉದುರಿಸಿ, ಸುತ್ತಿ ಕೈಗೆ ಕೊಡುತ್ತಿದ್ದಳು. ನನ್ನ ಮಗ ಈಗ ಸಿಂದಗಿಯ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ಆ ಸುತ್ತಿದ ರೊಟ್ಟಿಯ ಮಾತು ಬಂದರೆ ಇವತ್ತಿಗೂ ಅವನ ಮುಖ ಸಣ್ಣ ಹುಡುಗನದಾಗುತ್ತದೆ.

ಅವಳ ಒಪ್ಪತ್ತುಗಳು ಶುರುವಾದದ್ದು ಸೋಮವಾರದಿಂದ. ಅದು ಮದುವೆಯಾದಾಗಿನಿಂದ ಇತ್ತು. ಹಗಲೆಲ್ಲ ಏನಾದರೂ ಫಳಾರ, ಸಂಜೆ ದೇವರಿಗೆ ದೀಪ ಹಚ್ಚಿ ಒಂದು ಹೊತ್ತು ಊಟ. ಅರವತ್ತು ದಾಟಿದ ಮೇಲೆ ವಾರಗಳು ಒಂದೊಂದಾಗಿ ಕೂಡಿಕೊಂಡವು. ನನ್ನ ವರ್ಗಾವಣೆ ದೂರ ಆಗದಿರಲಿ ಎಂದು ಗುರುವಾರ. ಮಹಾದೇವಿಯ ಎರಡನೆಯ ಹೆರಿಗೆ ಸುಸೂತ್ರವಾಗಲಿ ಎಂದು ಶುಕ್ರವಾರ. ಮೊಮ್ಮಗನ ಹತ್ತನೆಯ ಇಯತ್ತೆಯ ಪರೀಕ್ಷೆಗೆ ಶನಿವಾರ. ಪರೀಕ್ಷೆ ಮುಗಿದು ಅವನು ಕಾಲೇಜು ಸೇರಿದರೂ ಶನಿವಾರ ಮುಗಿಯಲಿಲ್ಲ. ಕಡೆಗೆ ಮಂಗಳವಾರಕ್ಕೆ ಕಾರಣವನ್ನೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಸಂಜೆ ಬಿಡುವ ಆ ಒಂದು ಹೊತ್ತಿನ ಊಟದಲ್ಲಿ ಏನಿರುತ್ತಿತ್ತು ಎಂದು ಈಗ ಮಹಾದೇವಿಯನ್ನು ಕೇಳಿದರೆ, ಹಾಲಿತ್ತು, ಮಜ್ಜಿಗೆಯಲ್ಲಿ ಕಲಸಿದ ನುಚ್ಚು ಇತ್ತು ಎನ್ನುತ್ತಾಳೆ. ರೊಟ್ಟಿಯ ನೆನಪು ಅವಳಿಗಿಲ್ಲ. ಉಂಡ ಮೇಲೆ ಅವ್ವ ಹಿತ್ತಲಿಗೆ ಹೋಗಿ, ಅರಿವೆ ಒಣಹಾಕುವ ತಂತಿಯ ಹತ್ತಿರ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದಳು. ಒಣಗಿದ ಸೀರೆಯನ್ನೇ ಮತ್ತೆ ಒಣಹಾಕುತ್ತಾಳೆ ಎಂದು ಮೊಮ್ಮಕ್ಕಳು ನಗುತ್ತಿದ್ದರು.

ಅವಳು ಸೊರಗಿದಳು. ಕುಪ್ಪಸಗಳ ಹೊಲಿಗೆಯನ್ನು ತಾನೇ ಒಳಗೆ ಹಿಡಿದುಕೊಂಡಳು. ವಯಸ್ಸಾಯಿತು ಎಂದೆವು. ಇಷ್ಟು ಒಪ್ಪತ್ತು ಮಾಡಿದರೆ ಮೈಯಲ್ಲಿ ಏನುಳಿಯುತ್ತದೆ ಎಂದರು ಬಂದವರು, ಆದರೆ ಬೈದಂತೆ ಹೇಳಲಿಲ್ಲ, ಹೊಗಳಿದಂತೆ ಹೇಳಿದರು. ಓಣಿಯ ಡಾಕ್ಟರು ಅಶಕ್ತಿ ಎಂದು ಆಗಾಗ ಸಲಾಯಿನ್ ಏರಿಸಿದರು. ಕೆಮ್ಮು ಬಂತು, ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು, ಹೋದಳು. ಸೋಮವಾರ ಹಿಡಿದಾಕೆ ಸೋಮವಾರವೇ ಹೋದಳು ಎಂದು ತಾಂಬಾದ ಚಿಗವ್ವ, ಅಂದರೆ ಅವ್ವನ ತಂಗಿ, ಹೆಣದ ಮುಂದೆ ಹಾಡಿ ಹಾಡಿ ಅತ್ತಳು. ಅಂದಿನಿಂದ ನಮ್ಮ ಬಳಗದಲ್ಲಿ ಅವ್ವನ ಹೆಸರು ಹೇಳಿದರೆ ಉಪವಾಸದ ಹೆಸರು ಹೇಳಿದ ಹಾಗೆ.

ಇನ್ನು ನನ್ನ ಕಥೆ. ನಿವೃತ್ತಿಯಾದ ಮೇಲೆ ಒಂದು ಮಧ್ಯಾಹ್ನ ಬದನೆಕಾಯಿ ಪಲ್ಯದ ಜೊತೆ ರೊಟ್ಟಿ ಉಣ್ಣುತ್ತಿದ್ದೆ. ಒಂದು ತುತ್ತು ಎದೆಯ ನಡುವೆ ನಿಂತಿತು. ನೀರು ಕುಡಿದೆ, ನೀರು ಅದರ ಮೇಲೆ ನಿಂತಿತು. ಎದ್ದು ಓಡಾಡಿದೆ, ತಡವಾಗಿ ಇಳಿಯಿತು. ಅವಸರದಲ್ಲಿ ನುಂಗಿರಬೇಕು ಎಂದುಕೊಂಡೆ. ಕೆಲವು ದಿನ ಬಿಟ್ಟು ಮತ್ತೆ ಆಯಿತು, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಎಣಿಸುವುದನ್ನು ಬಿಟ್ಟೆ.

ನಮ್ಮ ಮನೆಯವರದು ಸಿಂದಗಿಯಲ್ಲಿ ಔಷಧದ ಅಂಗಡಿ. ಊರಿಗೆಲ್ಲ ಗುಳಿಗೆ ಕೊಡುವವರ ಹೆಂಡತಿಗೆ ಬೇಗ ವಾಸಿಯಾಗಬೇಕಲ್ಲ, ಆಗಲಿಲ್ಲ. ಹೇಳಿದ ಕೂಡಲೇ ಅವರು ಗ್ಯಾಸ್ ಎಂದರು. ಒಂದು ಗುಳಿಗೆ ನಾಟದಿದ್ದಾಗ ಇನ್ನೊಂದು ತಂದರು, ಹೊಸದು ಬಂದಿದೆ, ಎಲ್ಲರಿಗೂ ಗುಣ ಕೊಟ್ಟಿದೆ ಎಂದು. ಗುಲಾಬಿ ಬಣ್ಣದ ಔಷಧದ ಬಾಟಲಿಗಳು ಅಡಿಗೆಮನೆಯ ಕಟ್ಟೆಯ ಮೇಲೆ ಉಪ್ಪಿನಕಾಯಿ ಭರಣಿಗಳ ಜೊತೆ ಸಾಲು ಹಿಡಿದವು. ಅವರು ಕೆಟ್ಟವರಲ್ಲ. ಅಂಗಡಿಯಲ್ಲಿ ನಿಂತು ನಿಂತು ಅವರಿಗೆ ಎಲ್ಲರ ಎದೆಯುರಿಯೂ ಒಂದೇ ಥರ ಕೇಳಿಸುತ್ತಿತ್ತು.

ವಿಜಯಪುರಕ್ಕೆ ಹೋದೆವು. ಗಂಟಲಿನ ಡಾಕ್ಟರು ಬಾಯಿ ತೆರೆಸಿ, ಸಣ್ಣ ಕನ್ನಡಿ ಇಟ್ಟು ನೋಡಿ, ಗಂಟಲು ಸ್ವಚ್ಛವಾಗಿದೆ ಎಂದರು. ತುತ್ತು ನಿಲ್ಲುವುದು ಅಲ್ಲಲ್ಲ, ಕೆಳಗೆ ಎಂದು ಎದೆಯ ಮೇಲೆ ಕೈಯಿಟ್ಟು ತೋರಿಸುವಷ್ಟರಲ್ಲಿ ಮುಂದಿನವರನ್ನು ಕರೆದಾಗಿತ್ತು. ಇನ್ನೊಬ್ಬ ಡಾಕ್ಟರು ಹೃದಯದ ಇಸಿಜಿ ಪಟ್ಟಿ ತೆಗೆಸಿ, ಅದೂ ಸರಿಯಿದೆ ಎಂದು ಕುರ್ಚಿಗೆ ಒರಗಿ, ನಾನು ನಿವೃತ್ತಳಾಗಿದ್ದೇನೆಯೇ, ಹೊತ್ತು ಹೋಗುತ್ತದೆಯೇ, ಸೊಸೆಯ ಜೊತೆ ಸರಿಯಿದೆಯೇ ಎಂದು ಕೇಳಿದರು. ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಮನಸ್ಸಿನ ಗುಳಿಗೆ ಬರೆದುಕೊಟ್ಟರು. ರೊಟ್ಟಿ ನಿಲ್ಲುತ್ತದೆ ಎಂದು ಹೇಳಿಕೊಳ್ಳಲು ಅಷ್ಟು ಹೊತ್ತು ಕಾದು ಕೂತು, ಮನಸ್ಸಿನ ಗುಳಿಗೆ ಹಿಡಿದುಕೊಂಡು ಬಸ್ಸಿನಲ್ಲಿ ವಾಪಸಾಗುವಾಗ ನನಗೆ ಬಂದ ಸಿಟ್ಟು ಎಂಥದೆಂದರೆ, ದೇವರಹಿಪ್ಪರಗಿ ಬರುವವರೆಗೆ ಕಿಡಕಿಯಾಚೆ ನೋಡುತ್ತ ನಮ್ಮ ಮನೆಯವರ ಜೊತೆ ಒಂದು ಮಾತೂ ಆಡಲಿಲ್ಲ. ಅವರು ಪಾಪ, ಡಾಕ್ಟರು ಹೇಳಿದ್ದರಲ್ಲೂ ಏನೋ ಅರ್ಥವಿರಬೇಕು ಎಂದು ನನಗೆ ಸಮಾಧಾನ ಮಾಡುವ ಧಾಟಿಯಲ್ಲಿ ಮಾತಾಡಿದರು. ಅದು ಇನ್ನಷ್ಟು ಕೆರಳಿಸಿತು.

ಮನೆಯಲ್ಲಿ ಹೇಗೋ ನಡೆಯುತ್ತಿತ್ತು. ಮದುವೆ ಮುಂಜಿವೆಗಳಲ್ಲಿ ಪಂಕ್ತಿಗೆ ಕೂತರೆ ಪಜೀತಿ. ಪಕ್ಕದವರು ಉಂಡು ಎದ್ದರೂ ನನ್ನ ಎಲೆ ಹಾಗೇ ಇರುತ್ತಿತ್ತು. ಬಡಿಸುವವರು, ಹೋಳಿಗೆ ಚೆನ್ನಾಗಿಲ್ಲವೇ ಎಂದು ಮುಖ ಸಣ್ಣದು ಮಾಡುತ್ತಿದ್ದರು. ಮುದ್ದೇಬಿಹಾಳದ ಒಂದು ಮದುವೆಯಲ್ಲಿ ಉಣ್ಣಲು ಎಬ್ಬಿಸಿದಾಗ ನನ್ನ ಬಾಯಿಂದ ತಾನಾಗಿ ಬಂತು: "ಇವತ್ತ ನಂದು ಸೋಮವಾರ ಐತ್ರಿ." ಎಬ್ಬಿಸಿದಾಕೆ ಕೂಡಲೇ ಕೈಬಿಟ್ಟಳು. ಒಂದು ಲೋಟ ಹಾಲು, ಒಂದು ಬಾಳೆಹಣ್ಣು ತಂದಿಟ್ಟಳು, ತಾಯಿಯ ಹಾಗೇ ಮಗಳು ಎಂದು ಪಕ್ಕದವರಿಗೆ ಹೇಳಿದಳು. ನನಗೆ ಹಾಯೆನಿಸಿತು.

ನಮ್ಮ ಕಡೆ ಉಪವಾಸ ಎಂಬ ಮಾತಿಗೆ ಮರುಪ್ರಶ್ನೆ ಇಲ್ಲ. ಹೊಟ್ಟೆನೋವು ಎಂದರೆ ಅಜವಾನ ತರುತ್ತಾರೆ, ತಲೆನೋವು ಎಂದರೆ ಸುಂಠಿ ತೇಯುತ್ತಾರೆ, ಬೆನ್ನುನೋವು ಎಂದರೆ ತಮ್ಮ ಬೆನ್ನಿನ ಕಥೆ ಹೇಳುತ್ತಾರೆ. ಉಪವಾಸ ಎಂದರೆ ಮಾತ್ರ ಕೈಮುಗಿದು ದೂರ ಸರಿಯುತ್ತಾರೆ. ನನ್ನ ಸೋಮವಾರಕ್ಕೆ ಬೇಗ ಶುಕ್ರವಾರ ಸೇರಿತು. ಜನ ಇದ್ದಲ್ಲಿ ಯಾವ ವಾರವಿದ್ದರೂ ನನ್ನ ವಾರವೇ ಆಯಿತು.

ನನ್ನ ಸೊಸೆ ಸುಮಾ ಬಸವನ ಬಾಗೇವಾಡಿಯವಳು. ಮಾತು ನೇರ, ಕೆಲವೊಮ್ಮೆ ಬೇಕಾದ್ದಕ್ಕಿಂತ ನೇರ. ನಮ್ಮ ಮನೆಯಲ್ಲಿ ಗಂಡಸರು ಎದ್ದ ಮೇಲೆ ನಾವಿಬ್ಬರೂ ಎದುರುಬದುರು ಕೂತು ಉಣ್ಣುತ್ತಿದ್ದೆವು. ಅವಳು ನನ್ನ ತಾಟನ್ನು ನೋಡುತ್ತಾಳೆ ಎಂದು ನನಗೆ ತಿಳಿದಿತ್ತು, ಹೊರಗೆ ಹೇಳಲಾರಳು ಎಂದುಕೊಂಡಿದ್ದೆ. ಒಂದು ದಿನ, ನಾಳೆಯಿಂದ ಗುರುವಾರವನ್ನೂ ಹಿಡಿಯುತ್ತೇನೆ ಎಂದೆ. ಅವಳು ಕೈಯಲ್ಲಿದ್ದ ತುತ್ತು ಕೆಳಗಿಟ್ಟಳು.

"ಅತ್ತಿ, ದೇವರಿಗೆ ಅಂತ ಹಿಡದವರು ಫಳಾರ ಚಂದಂಗ ತಿಂತಾರ್ರಿ. ನೀವು ನೆನೆಸಿದ ಸಾಬೂದಾಣಿನೂ ನುಂಗವೊಲ್ರಿ. ಇದು ವಾರ ಅಲ್ರಿ, ಬ್ಯಾನಿ."

ನಾನು ಬೈದೆ. ದೇವರ ವಿಷಯದಲ್ಲಿ ನಾಲಿಗೆ ಹಿಡಿದು ಮಾತಾಡು ಎಂದೆ, ಇನ್ನೂ ಏನೇನೋ ಅಂದೆ. ಅವಳು ತಾಟು ತೊಳೆದಿಟ್ಟು, ಸೆರಗು ಸರಿಮಾಡಿಕೊಂಡು ನೆಟ್ಟಗೆ ಅಂಗಡಿಗೆ ಹೋಗಿ, ಗಿರಾಕಿಗಳು ನಿಂತಿರುವಾಗಲೇ ಮಾವನಿಗೆ ಎಲ್ಲ ಹೇಳಿದಳು. ಅತ್ತಿಯವರ ಬಾಯಿಗೆ ಹೋದದ್ದು ಹೊಟ್ಟೆಗೆ ಹೋಗುತ್ತಿಲ್ಲ, ನೀವು ಗುಳಿಗೆ ಕೊಡುವುದನ್ನು ಬಿಟ್ಟು ಸೊಲ್ಲಾಪುರಕ್ಕೆ ಕರೆದುಕೊಂಡು ಹೋಗುತ್ತೀರೋ, ನಾನೇ ಕರೆದುಕೊಂಡು ಹೋಗಲೋ ಎಂದು ಕೇಳಿದಳಂತೆ. ಊರಿಗೆಲ್ಲ ಸುದ್ದಿಯಾಯಿತು. ನಮ್ಮ ಮನೆಯವರು ಎರಡು ದಿನ ಮುಖ ಊದಿಸಿಕೊಂಡಿದ್ದರು. ಮೂರನೆಯ ದಿನ ಮಗ ಕಾರು ತೆಗೆದ.

ಇಂಡಿ ದಾಟಿ ಝಳಕಿಯ ಹತ್ತಿರ ಹೆದ್ದಾರಿಗೆ ಬಂದಾಗ ಚಹಾಕ್ಕೆ ನಿಲ್ಲಿಸಿದರು. ಮಗ ಮತ್ತು ನಮ್ಮ ಮನೆಯವರು ಬಿಸಿ ಭಜಿ ತಿಂದರು. ನಾನು ಅವರ ಗಂಟಲನ್ನು ನೋಡುತ್ತ ಕೂತಿದ್ದೆ. ಕಡಿದು ನುಂಗಿದರೆ ಮುಗಿಯಿತು ಅವರಿಗೆ, ಅದರ ಬಗ್ಗೆ ಒಂದು ವಿಚಾರವೂ ಇಲ್ಲದೆ ಮಾತಾಡುತ್ತಲೇ ಇದ್ದರು. ಅಷ್ಟು ಮತ್ಸರ ನನಗೆ ಯಾರ ಬಂಗಾರ ನೋಡಿಯೂ ಆಗಿಲ್ಲ. ಕಾರಿನಲ್ಲಿದ್ದ ನಾಲ್ವರ ತಲೆಯಲ್ಲೂ ಒಂದೇ ಶಬ್ದವಿತ್ತು. ಕ್ಯಾನ್ಸರ್ ಎನ್ನುವ ಆ ಶಬ್ದವನ್ನು ಯಾರೂ ಬಾಯಿಗೆ ತರಲಿಲ್ಲ, ಬದಲಿಗೆ ಸುಮಾ ಎರಡು ಸಲ ನನ್ನ ಸ್ವೆಟರ್ ಗುಂಡಿ ಹಾಕಿದಳು.

ಸೊಲ್ಲಾಪುರದ ಆಸ್ಪತ್ರೆಯಲ್ಲಿ ಬೆಳಗ್ಗೆ ಕೂತವರು ಊಟದ ಹೊತ್ತಿನವರೆಗೆ ಕೂತೆವು. ಹೆಸರು ಕರೆಯುವವಳು ಮರಾಠಿಯಲ್ಲಿ ಕರೆಯುತ್ತಿದ್ದಳು, ನನ್ನ ಹೆಸರನ್ನು ಎರಡು ಸಲ ಬೇರೆ ಯಾರದೋ ಹೆಸರಿನ ಹಾಗೆ ಕರೆದು ಮುಂದೆ ಹೋದಳು. ಪಕ್ಕದ ಕುರ್ಚಿಯಲ್ಲಿ ಚಡಚಣದ ಕಡೆಯ ದ್ರಾಕ್ಷಿ ತೋಟದ ಹೆಣ್ಣುಮಗಳು, ಗಂಡನನ್ನು ಕರೆದುಕೊಂಡು ಬಂದಿದ್ದಳು. ಆಕೆ ನನಗೆ ಧೈರ್ಯ ಹೇಳಲಿಲ್ಲ, ದೇವರನ್ನು ನೆನೆಯಲು ಹೇಳಲಿಲ್ಲ. ತನ್ನ ಗಂಡನಿಗೂ ನುಂಗಲು ಆಗುವುದಿಲ್ಲ, ಆದ್ದರಿಂದ ಡಬ್ಬಿಯನ್ನು ಅವನ ಮುಂದೆ ತೆಗೆಯುವುದಿಲ್ಲ, ಹೊರಗೆ ಮೆಟ್ಟಿಲ ಮೇಲೆ ಕೂತು ತಿಂದು ಬರುತ್ತೇನೆ ಎಂದಳು. ನನಗೆ ಅಷ್ಟು ಹಗುರವಾದದ್ದು ಆ ದಿನ ಆ ಮಾತಿನಿಂದ ಮಾತ್ರ.

ಬಿಳಿ ಔಷಧ ಕುಡಿಸಿ ಎಕ್ಸ್‌ರೇ ತೆಗೆದರು. ಜನ್ಮವೆಲ್ಲ ಸೀಮೆಸುಣ್ಣದ ಧೂಳು ತಿಂದವಳಿಗೆ ಈಗ ಸುಣ್ಣವನ್ನೇ ಕುಡಿಸುತ್ತಿದ್ದಾರೆ ಎನಿಸಿತು. ಡಾಕ್ಟರಬಾಯಿ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಬಿಳಿ ನೀರು ಎದೆಯ ನಡುವಿನವರೆಗೆ ಬಂದು ಕೆರೆಯ ಹಾಗೆ ನಿಂತಿತ್ತು, ಕೆಳಗೆ ದಾರದಂತೆ ಒಂದಿಷ್ಟು ಇಳಿದಿತ್ತು. ಹೆದರಬೇಕಾದ ಜಾಗದಲ್ಲಿ ನನಗೆ ಸಂತೋಷವಾಯಿತು. ನಮ್ಮ ಮನೆಯವರ ತೋಳು ಹಿಡಿದು ಆ ಪರದೆಯ ಮುಂದೆ ಎಳೆದು ನಿಲ್ಲಿಸಿದೆ. ಗ್ಯಾಸ್ ಅಲ್ಲ, ಮನಸ್ಸಲ್ಲ, ಸೊಸೆಯ ಜೊತೆಗಿನ ಜಗಳವಲ್ಲ, ಇಗೋ ನಿಂತಿದೆ ನೋಡಿರಿ ಎಂದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಡಾಕ್ಟರಬಾಯಿ ಮರಾಠಿ ಬೆರೆತ ಕನ್ನಡದಲ್ಲಿ, ಊಟ ನಿಂತಾಗ ಅದು ಇಳಿಯಲು ನೀವು ಏನು ಮಾಡುತ್ತೀರಿ ಎಂದು ಕೇಳಿದರು. ಇಷ್ಟು ದಿನದಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಹೇಳುವುದಕ್ಕಿಂತ ತೋರಿಸುವುದು ಸುಲಭ ಎಂದು ಎದ್ದು ನಿಂತೆ. ತುತ್ತು ನಿಂತಾಗಲೆಲ್ಲ ನಮ್ಮ ಮನೆಯ ಹಿತ್ತಲಿನಲ್ಲಿ ಮಾಡುವ ಹಾಗೆ ಎರಡೂ ಕೈ ಮೇಲೆತ್ತಿ ತಂತಿ ಹಿಡಿದವಳಂತೆ ಮುಷ್ಟಿ ಕಟ್ಟಿ, ಹಿಮ್ಮಡಿ ಎತ್ತಿ, ಗದ್ದ ಮೇಲೆ ಮಾಡಿದೆ.

ಹಾಗೆ ನಿಂತಾಗ ನನಗೆ ಅವ್ವ ಕಂಡಳು. ಇಂಡಿಯ ಮನೆಯ ಹಿತ್ತಲು, ಒಣಗಿದ ಸೀರೆ, ತಂತಿ ಹಿಡಿದ ಎರಡು ಕೈ, ಮೇಲೆತ್ತಿದ ಗದ್ದ. ಅವಳು ಸೀರೆ ಒಣಹಾಕುತ್ತಿರಲಿಲ್ಲ. ಮುಚ್ಚಿಟ್ಟ ಬಾಗಿಲನ್ನು ಒಳಗಿನಿಂದ ತಳ್ಳುತ್ತಿದ್ದಳು. ವರ್ಷಗಟ್ಟಲೆ ತಳ್ಳಿದ್ದಳು. ನನಗೆ ಎತ್ತಿದ ಕೈ ಇಳಿಸಲು ಆಗಲಿಲ್ಲ, ಸುಮಾ ಬಂದು ಇಳಿಸಿ ಕುರ್ಚಿಯಲ್ಲಿ ಕೂರಿಸಿದಳು. ಡಾಕ್ಟರಬಾಯಿ ನನಗೆ ಭಯವಾಗಿದೆ ಎಂದು ತಿಳಿದರು. ನನಗೆ ಆಗ ಆದದ್ದು ಭಯವಲ್ಲ, ಸಿಟ್ಟು.

ಒಳಗೆ ನಳಿಕೆ ಇಳಿಸಿ ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದರ ಉತ್ತರ ಬರುವವರೆಗೆ ಸೊಲ್ಲಾಪುರದಲ್ಲೇ ಬಳಗದವರ ಮನೆಯಲ್ಲಿ ಉಳಿದೆವು. ಆ ದಿನಗಳಲ್ಲಿ ಎಲ್ಲರೂ ನನ್ನ ಜೊತೆ ಮೆಲ್ಲಗೆ ಮಾತಾಡುತ್ತಿದ್ದರು, ಅದೇ ನನಗೆ ಸಾಕಾಗಿಹೋಗಿತ್ತು. ಸುಮಾ ಮಾತ್ರ ಮೊದಲಿನ ಹಾಗೇ ಸೊಪ್ಪು ಸೋಸಲು ಕರೆಯುತ್ತಿದ್ದಳು. ಕ್ಯಾನ್ಸರ್ ಅಲ್ಲ ಎಂದು ಬಂತು. ಅನ್ನನಾಳದ ತುದಿಯ ಸ್ನಾಯು ಬಿಗಿದುಕೊಂಡು ಕೂತಿದೆ, ತೆರೆಯುವ ಹೊತ್ತಿಗೆ ತೆರೆಯುತ್ತಿಲ್ಲ, ಬಲೂನು ಇಳಿಸಿ ಉಬ್ಬಿಸಿ ದಾರಿ ಮಾಡಬಹುದು ಎಂದರು. ಪೂರ್ತಿ ಹೋಗುವ ಕಾಯಿಲೆಯಲ್ಲ, ಮುಂದೆ ಮತ್ತೆ ಮಾಡಬೇಕಾದೀತು ಎಂದೂ ಹೇಳಿದರು. ನಮ್ಮ ಮನೆಯವರು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಜನ ನೋಡುತ್ತಿದ್ದರೂ ಅತ್ತುಬಿಟ್ಟರು.

ನಾನು ಡಾಕ್ಟರಬಾಯಿಯನ್ನು ಅವ್ವನ ಬಗ್ಗೆ ಕೇಳಿದೆ. ತಂತಿಯ ವಿಷಯ, ನುಚ್ಚಿನ ವಿಷಯ, ಕೆಮ್ಮಿನ ವಿಷಯ ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡರು. ಇದೇ ಇರಬಹುದು, ಕ್ಯಾನ್ಸರೇ ಇದ್ದಿರಬಹುದು, ನೋಡದೆ ನಾನು ಹೇಗೆ ಹೇಳಲಿ ಶಾಂತಾಬಾಯಿ ಎಂದರು. ಸರಿಯಾದ ಮಾತೇ. ಅವ್ವನನ್ನು ಯಾರೂ ನೋಡಲಿಲ್ಲ. ಯಾವ ಡಾಕ್ಟರೂ ಅವಳ ಎದೆಯೊಳಗೆ ಇಣುಕಲಿಲ್ಲ, ಯಾಕೆಂದರೆ ನೋವಿದೆ ಎಂದು ಅವಳು ಹೇಳಲಿಲ್ಲ, ವಾರವಿದೆ ಎಂದಳು. ಅವಳ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ, ಎದುರಿಗಿದ್ದಿದ್ದರೆ ಭುಜ ಹಿಡಿದು ಅಲುಗಾಡಿಸುತ್ತಿದ್ದೆ. ಊರನ್ನೆಲ್ಲ ಉಣ್ಣಿಸುವವಳಿಗೆ ತನಗೆ ಉಣ್ಣಲು ಬರುತ್ತಿಲ್ಲ ಎಂದು ಹೇಳಿಕೊಳ್ಳಲು ಯಾಕೆ ಅಷ್ಟು ನಾಚಿಕೆ?

ಬಲೂನಿನ ಕೆಲಸವಾದ ಮೇಲೆ ಎದೆ ಒಂದು ದಿನ ಹುಣ್ಣಿನಂತೆ ನೊಂದಿತು. ಆಮೇಲೆ ಚಹಾ ಕೊಟ್ಟರು. ಕುಡಿದೆ, ಇಳಿಯಿತು, ಇಳಿದದ್ದು ಗೊತ್ತೇ ಆಗಲಿಲ್ಲ. ಗೊತ್ತಾಗದೇ ಇರುವುದು ಎಂಥ ಸುಖ ಎಂದು ಆರೋಗ್ಯ ಇದ್ದವರಿಗೆ ಹೇಗೆ ಹೇಳಲಿ. ಕೆಲವು ದಿನದ ಮೇಲೆ ಸುಮಾ ಬಿಸಿ ರೊಟ್ಟಿಯ ಒಳಪದರು ಬಿಡಿಸಿ ಹಾಲಿನಲ್ಲಿ ನೆನೆಸಿ ಕೊಟ್ಟಳು. ಅದೂ ಇಳಿಯಿತು. ಈಗ ಗಟ್ಟಿ ರೊಟ್ಟಿಯನ್ನೂ ನಿಧಾನವಾಗಿ ಉಣ್ಣುತ್ತೇನೆ, ನಮ್ಮ ಮನೆಯವರು ಪ್ರತಿ ತುತ್ತಿಗೂ ಇಳಿಯಿತೇನು, ಇಳಿಯಿತೇನು ಎಂದು ಕೇಳಿ ತಲೆ ತಿನ್ನುತ್ತಾರೆ. ಮನೆಯಲ್ಲಿ ಈಗ ರೊಟ್ಟಿಯ ಬುಟ್ಟಿ ನಡುವೆ ಇಟ್ಟು ಎಲ್ಲರೂ ಒಟ್ಟಿಗೇ ಕೂಡುತ್ತೇವೆ. ಬಡಿಸುವವರು ಯಾರು ಎಂದು ಗಂಡಸರು ಮೊದಮೊದಲು ಗೊಣಗಿದರು, ಈಗ ಕೈ ಚಾಚುತ್ತಾರೆ.

ಗುಣವಾಗಿ ಬಂದದ್ದು ತಿಳಿದು ಚಿಗವ್ವ ಫೋನು ಮಾಡಿದಳು. ನಿನ್ನ ಅವ್ವ ಮಾಡಿದ ಉಪವಾಸದ ಪುಣ್ಯವೇ ನಿನ್ನನ್ನು ಕಾಯಿತು ಎಂದಳು. ಫೋನು ಸುಮಾಳ ಕೈಗೆ ಕೊಟ್ಟು ಹಿತ್ತಲಿಗೆ ಹೋದೆ.

ಅವ್ವನ ನೆನಪಿನ ದಿನ ವರ್ಷಕ್ಕೊಮ್ಮೆ ಇಂಡಿಯ ಮನೆಯಲ್ಲಿ ನಡೆಯುತ್ತದೆ. ಅವಳ ಫೋಟೋದ ಮುಂದೆ ಹೊಸ ಸೀರೆ ಇಟ್ಟು, ಅವಳಿಗೆ ಸೇರುತ್ತಿದ್ದ ಅಡಿಗೆಯನ್ನು ಎಡೆ ಹಿಡಿದು, ಆಮೇಲೆ ಎಲ್ಲರೂ ಉಣ್ಣುವುದು. ಈ ಸಲ ಅದು ಸೋಮವಾರವೇ ಬಂದಿತ್ತು. ನಾನೂ ಸುಮಾನೂ ಹೋದಾಗ ಎಡೆ ಸಿದ್ಧವಿತ್ತು. ಸಾಬೂದಾಣಿ ಉಸುಳಿ, ಶೇಂಗಾ ಉಂಡಿ, ಬಾಳೆಹಣ್ಣು, ಬಟ್ಟಲಲ್ಲಿ ಹಾಲು. ವರ್ಷವರ್ಷವೂ ಚಿಗವ್ವ ಇದನ್ನೇ ಮಾಡಿಸುವುದು, ಅಕ್ಕನಿಗೆ ಇದೇ ಸೇರುತ್ತಿತ್ತು ಎಂದು. ಸತ್ತ ಮೇಲೂ ಅವ್ವನಿಗೆ ಉಪವಾಸವೇ. ಅಪ್ಪ ಫೋಟೋದ ಪಕ್ಕ ಕುರ್ಚಿಯಲ್ಲಿ ಕೂತು, ಹೊಸದಾಗಿ ಬಂದ ಬೀಗರಿಗೆ ನಮ್ಮಾಕೆ ವಾರದಲ್ಲಿ ಐದು ದಿನ ಒಪ್ಪತ್ತು ಮಾಡುತ್ತಿದ್ದಳು ಎಂದು ಹೇಳುತ್ತಿದ್ದ. ವಯಸ್ಸಾಗಿ ಕಿವಿ ಮಂದವಾಗಿದೆ, ಆ ಹೆಮ್ಮೆ ಮಾತ್ರ ಮಂದವಾಗಿಲ್ಲ.

ಹೇಳಬಾರದು ಎಂದು ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡು ಬಂದಿದ್ದೆ. ಮುದುಕನಿಗೆ ಉಳಿದಿರುವುದು ಆ ಹೆಮ್ಮೆಯೊಂದೇ, ಅದನ್ನು ಕಸಿದುಕೊಂಡು ನನಗೇನಾಗಬೇಕು? ಆದರೆ ಆ ಸಾಬೂದಾಣಿ ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ. ಅಪ್ಪನ ಕಿವಿಯ ಹತ್ತಿರ ಕೂತೆ.

"ಅಪ್ಪಾ, ಅವ್ವ ದೇವರಿಗೆ ಅಂತ ಉಪವಾಸ ಇದ್ದಿಲ್ಲ. ಆಕೀಗೆ ರೊಟ್ಟಿ ನುಂಗಾಕ ಬರ್ತಿದ್ದಿಲ್ಲ. ಎದಿಯಾಗ ನಿಂದರ್ತಿತ್ತು, ನನಗ ನಿಂತಂಗ. ಅದಕ್ಕ ವಾರ ಹೇಳ್ತಿದ್ದಳು."

ಚಿಗವ್ವ ಏನೋ ಹೇಳಲು ಬಾಯಿ ತೆರೆದಳು. ಸೊಲ್ಲಾಪುರದ ಪರದೆಯಲ್ಲಿ ಕಂಡದ್ದನ್ನು ಹೇಳಿದೆ. ಹಿತ್ತಲಿನ ತಂತಿಯನ್ನು ಹಿಡಿದರೆ ತುತ್ತು ಹೇಗೆ ಇಳಿಯುತ್ತದೆ ಎಂದು ಕೈ ಎತ್ತಿ ತೋರಿಸಿದೆ. ಬೀಗರ ಎದುರು, ಅವ್ವನ ಫೋಟೋದ ಎದುರು, ಗದ್ದ ಮೇಲೆ ಮಾಡಿ ನಿಂತೆ. ಮಹಾದೇವಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅಪ್ಪ ನನ್ನ ಎತ್ತಿದ ಕೈಯನ್ನೇ ನೋಡಿದ.

"ನಾ ಜಳಕದ ಮನಿ ಕಿಡಕ್ಯಾಗಿಂದ ದಿನಾ ನೋಡ್ತಿದ್ದೆ, ಶಾಂತಾ," ಅಂದ. "ಅರಿವಿ ಒಣಗ್ಯಾವೋ ಇಲ್ಲೋ ನೋಡ್ತಾಳ ಅಂತ ತಿಳದಿದ್ದೆ."

ನನಗೆ 'ಹೋಗಲಿ ಬಿಡಪ್ಪ' ಎನ್ನಲು ಬಾಯಿ ಬರಲಿಲ್ಲ. ದಿನಾ ನೋಡಿದ ಮನುಷ್ಯ ಒಂದು ದಿನವೂ ಯಾಕೆ ಕೇಳಲಿಲ್ಲ? ಸಿಟ್ಟು ಇನ್ನೂ ಹಾಗೇ ಇತ್ತು, ಅಳುವೂ ಬರುತ್ತಿತ್ತು. ಎರಡರಲ್ಲಿ ಯಾವುದು ಮೊದಲು ಬರುತ್ತದೋ ಎಂದು ಹಲ್ಲು ಕಚ್ಚಿ ಕೂತೆ.

ಅಪ್ಪ ಒಳಗೆ ಕೂಗಿ, ಒಂದು ಬಿಸಿ ರೊಟ್ಟಿ ತರಲು ಮಹಾದೇವಿಗೆ ಹೇಳಿದ. ಇವತ್ತು ಸೋಮವಾರ, ಅಕ್ಕನ ಎಡೆಗೆ ರೊಟ್ಟಿ ಹಾಕಬಾರದು ಎಂದು ಚಿಗವ್ವ ಅಂದಳು. ಅವನಿಗೆ ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ. ಕುರ್ಚಿಯ ಕೈ ಹಿಡಿದು ಇಳಿದು ಎಡೆಯ ಮುಂದೆ ನೆಲದ ಮೇಲೆ ಕೂತ. ಜೀವಮಾನದಲ್ಲಿ ತಾನು ಉಂಡ ತಾಟನ್ನು ಎತ್ತಿಟ್ಟವನಲ್ಲ ಅಪ್ಪ. ಸಾಬೂದಾಣಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. ಮಹಾದೇವಿ ತಾಟಿನಲ್ಲಿ ತಂದ ರೊಟ್ಟಿಯನ್ನು ಮುರಿಯತೊಡಗಿದ. ದೊಡ್ಡ ಚೂರುಗಳನ್ನು ಸಣ್ಣದು ಮಾಡಿದ, ಸಣ್ಣವನ್ನು ಇನ್ನೂ ಸಣ್ಣದು ಮಾಡಿದ. ಅದರ ಮೇಲೆ ಹಾಲು ಸುರಿದು, ಬೆರಳಿನಿಂದ ಒತ್ತಿ ಒತ್ತಿ ನೆನೆಸಿದ. ಹಸಿದ ಮಕ್ಕಳೂ ಬೀಗರೂ ಕಾದು ನಿಂತರು.

ಗಟ್ಟಿ ಇರುವ ಒಂದು ಚೂರೂ ಬೆರಳಿಗೆ ಸಿಗದಂತಾದ ಮೇಲೆ ತಾಟನ್ನು ಅವ್ವನ ಫೋಟೋದ ಹತ್ತಿರಕ್ಕೆ ಸರಿಸಿದ.

"ಈಗ ಇಳಿತೈತಿ," ಅಂದ.